ಶಾಲೆ ಉಳಿಸಿದ ಶಾಸಕ

ಥಾಡಿಯಸ್ ಸ್ಟೀವನ್ಸ್ 1792ರಲ್ಲಿ ಅಮೆರಿಕದ ವರ್ಮಾಂಟ್‌ನ ಬಡ ಮನೆಯಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ಒಂದು ಕಾಲು ಊನ. ತಾಯಿ ದುಡಿದು ಓದಿಸಿದರು. ಪೆನ್ಸಿಲ್ವೇನಿಯಾದಲ್ಲಿ ವಕೀಲರಾಗಿ, 1833ರಲ್ಲಿ ಆ ರಾಜ್ಯದ ಶಾಸನಸಭೆಗೆ ಆಯ್ಕೆಯಾದರು.

ಅಲ್ಲಿ ಆಗ ಬಡವರೆಂದು ಹೆಸರು ಬರೆಸಿದವರ ಮಕ್ಕಳಿಗೆ ಮಾತ್ರ ಸರಕಾರಿ ಖರ್ಚಿನಲ್ಲಿ ಓದು. 1834ರ ಕಾನೂನು ಎಲ್ಲ ಮಕ್ಕಳಿಗೂ ಉಚಿತ ಶಾಲೆ ತೆರೆಯಿತು. ತೆರಿಗೆ ಕಟ್ಟಬೇಕಲ್ಲ ಎಂದು ಜನ ಸಿಟ್ಟಾದರು. ಮರುವರ್ಷ ಮೇಲ್ಮನೆ ಅದನ್ನು ರದ್ದುಮಾಡಲು ಒಪ್ಪಿಯೂ ಬಿಟ್ಟಿತು.

1835ರ ಏಪ್ರಿಲ್ 11ರಂದು ಸ್ಟೀವನ್ಸ್ ಕೆಳಮನೆಯಲ್ಲಿ ಎದ್ದು ನಿಂತರು. ಬಡವರನ್ನು ಪಟ್ಟಿಮಾಡುವುದು ಅವರಿಗೆ ಮುದ್ರೆ ಒತ್ತಿದಂತೆ ಎಂದರು. ಜೈಲಿನ ಖರ್ಚಿಗೆ ಎಲ್ಲರೂ ತೆರಿಗೆ ಕೊಡುವಾಗ ಶಾಲೆಗೇಕೆ ಕೊಡಬಾರದು ಎಂದು ಕೇಳಿದರು. ಕಾನೂನು ಉಳಿಯಿತು.

ಮುಂದೆ ಅವರು ಕಾಂಗ್ರೆಸ್ಸಿನಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿ, 1868ರಲ್ಲಿ ತೀರಿಕೊಂಡರು. ಶಾಲೆಯೊಂದರ ಲಾಭನಷ್ಟ ಲೆಕ್ಕಹಾಕುವವರನ್ನು ಕಂಡಾಗಲೆಲ್ಲ ನಮಗೆ ಅವರ ಆ ಪ್ರಶ್ನೆ ನೆನಪಾಗುತ್ತದೆ.