ಕೆಂಪು ದಿಬ್ಬದ ಮೇಲೆ ಹಸಿರು

ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಲಾರಿಗಳು ಒಮ್ಮೆಲೇ ನಿಂತದ್ದು 2011ರ ಜುಲೈ 29ರಂದು. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿತ್ತು. ಸಮಾಜ ಪರಿವರ್ತನಾ ಸಮುದಾಯ ಎಂಬ ಸಂಘಟನೆಯ ಹೋರಾಟ ಅದರ ಹಿಂದಿತ್ತು.

ಆದರೆ ಅಗೆದು ಸುರಿದ ಕೆಂಪು ಮಣ್ಣಿನ ದಿಬ್ಬಗಳು ಹಾಗೆಯೇ ಉಳಿದವು. ಮಳೆ ಬಂದರೆ ಕೆಸರು ಹಳ್ಳಕ್ಕೆ, ಬಿಸಿಲಾದರೆ ದೂಳು ಹೊಲಕ್ಕೆ. ಗಣಿಗಳು ಮತ್ತೆ ತೆರೆಯಬೇಕಾದರೆ ಮೊದಲು ನೆಲವನ್ನು ಸರಿಪಡಿಸಬೇಕೆಂದು ಕೋರ್ಟ್ ಷರತ್ತು ಹಾಕಿತು. ದಿಬ್ಬದ ಬುಡಕ್ಕೆ ಕಲ್ಲಿನ ತಡೆಗೋಡೆ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ, ಅದರಡಿ ಹುಲ್ಲಿನ ಬೀಜ. ಹುಲ್ಲು ಬೇರುಬಿಟ್ಟ ಮೇಲೆ ಗಿಡಮರ.

ಲೋಹ ಹೆಚ್ಚಿರುವ ನೆಲಕ್ಕೆ ಲಾವಂಚದ ಹುಲ್ಲು ಹೊಂದಿಕೊಳ್ಳುತ್ತದೆ. ಅದರ ಆಳದ ಬೇರು ಮಣ್ಣನ್ನು ಬಿಗಿಹಿಡಿಯುತ್ತದೆ. ನೆಟ್ಟ ಗಿಡಗಳನ್ನು ಮೊದಲೆರಡು ಬೇಸಿಗೆ ದಾಟಿಸುವುದೇ ಕಷ್ಟ. ಒಂದೇ ಜಾತಿಯ ಅಕೇಶಿಯಾ ಸಾಲು ನೆಟ್ಟು ಕಾಡು ಮರಳಿತೆನ್ನುವುದು ಸುಳ್ಳು. ಕುರುಚಲು ಕಾಡಿನ ಕಮರ, ಕಗ್ಗಲಿ ಮರಗಳೂ ಅಲ್ಲಿ ಬೇಕು.