ಪಾಲಿಲ್ಲದ ಮಗ

ಕುರುಡನಾದ ಮಗನಿಗೆ ತಂದೆಯ ಆಸ್ತಿಯಲ್ಲಿ ಪಾಲುಂಟೆ? ಇದೂ ಒಂದು ಪ್ರಶ್ನೆಯೇ ಎಂದು ನೀವು ಇಂದು ಹುಬ್ಬೇರಿಸಬಹುದು. ಆದರೆ ಯಾಜ್ಞವಲ್ಕ್ಯಸ್ಮೃತಿಯ ಉತ್ತರ ಸ್ಪಷ್ಟ: ಕುರುಡ, ಕುಂಟ, ಹುಚ್ಚ ಮೊದಲಾದವರಿಗೆ ಅನ್ನವಸ್ತ್ರವುಂಟು, ಪಾಲಿಲ್ಲ.

ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅದಕ್ಕೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಈ ಮಾತನ್ನು ಅಲ್ಲಗಳೆಯಲಿಲ್ಲ; ಕಟ್ಟನ್ನು ತುಸು ಸಡಿಲಿಸಿದನಷ್ಟೆ. ವಿಭಾಗಕ್ಕೆ ಮೊದಲಿದ್ದ ಊನ ಮಾತ್ರ ಅಡ್ಡಿ. ಪಾಲು ಕೈಸೇರಿದ ಮೇಲೆ ಕಣ್ಣು ಹೋದರೆ ಅದನ್ನು ಕಿತ್ತುಕೊಳ್ಳುವಂತಿಲ್ಲ. ಔಷಧದಿಂದ ಊನ ನೀಗಿತೋ, ವಿಭಾಗವಾದ ಬಳಿಕ ಹುಟ್ಟಿದ ಮಗನಂತೆ ಅವನಿಗೂ ಪಾಲುಂಟು. ನೀಗದಿದ್ದರೆ? ಅಣ್ಣತಮ್ಮಂದಿರ ಮುಖ ನೋಡಿಕೊಂಡೇ ಉಣ್ಣಬೇಕು. ಆ ತುತ್ತಿನ ರುಚಿಯನ್ನು ಶಾಸ್ತ್ರಕಾರರು ಹೇಳಿಲ್ಲ.

1928ರ ಕಾಯಿದೆಯು ಬ್ರಿಟಿಷ್ ಇಂಡಿಯಾದಲ್ಲಿ, ಹುಟ್ಟಿನಿಂದಲೇ ಬುದ್ಧಿವಿಕಲರಾದವರನ್ನು ಬಿಟ್ಟು, ಉಳಿದವರ ಅಡ್ಡಿಯನ್ನು ತೆಗೆಯಿತು. ಆ ಬಿಟ್ಟವರಿಗೂ ಹಕ್ಕು ದೊರೆತುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಪ್ರಕರಣದಿಂದ.

ಪಾಲೇನೋ ಬಂತು, ತಂದೆತಾಯಿಗಳು ಕಣ್ಮುಚ್ಚಿದ ಮೇಲೆ ಅದನ್ನು ಕಾಯುವವರು ಯಾರು? 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ, ಬುದ್ಧಿಮಾಂದ್ಯತೆ ಮುಂತಾದವುಳ್ಳವರಿಗೆ ಪಾಲಕರನ್ನು ನೇಮಿಸುವ ಅಧಿಕಾರವನ್ನು ಸ್ಥಳೀಯ ಸಮಿತಿಗೆ ಕೊಟ್ಟಿತು. ಪಾಲಕನಾದವನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಆಮೇಲೆ ವರ್ಷವರ್ಷವೂ ಲೆಕ್ಕವನ್ನೂ ಒಪ್ಪಿಸಬೇಕು.