ಮಾಳದ ಹೆಸರುಗಳು

ಪುಣೆಯಿಂದ ದಿವೇಘಾಟ್ ಹತ್ತಿ ಸಾಸವಡದ ಕಡೆ ಹೋದರೆ ಬೋಳು ಹುಲ್ಲುಗಾವಲು ಎದುರಾಗುತ್ತದೆ. ಕಾಗದಪತ್ರಗಳಲ್ಲಿ ಇಂಥ ನೆಲಕ್ಕೆ 'ಪಡೀಕ್' ಎಂದು ಹೆಸರು, ನಮ್ಮ 'ಬೀಳು'. ಏನೂ ಇಲ್ಲದ ಜಾಗ ಎಂಬ ಅರ್ಥ.

1824ರಲ್ಲಿ ಮುಂಬಯಿ ಸರ್ಕಾರ ಕಂಪನಿಯ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್‌ನನ್ನು ದಖ್ಖನ್ನಿನ ಅಂಕಿಅಂಶ ಕಲೆಹಾಕಲು ನೇಮಿಸಿತು. ಜನ, ಬೆಳೆ ಎಣಿಸುತ್ತ ತಿರುಗಿದ ಆತ ಪ್ರಾಣಿಗಳನ್ನೂ ಬರೆದಿಟ್ಟುಕೊಂಡ. ಇಲ್ಲಿನ ತೋಳಕ್ಕೆ 'ಪ್ಯಾಲಿಪೆಸ್', ಅಂದರೆ ಮಸುಕು ಕಾಲಿನದು, ಎಂಬ ಲ್ಯಾಟಿನ್ ಹೆಸರು ಬಂದದ್ದು 1831ರ ಅವನ ಪಟ್ಟಿಯಿಂದ. ಅದಕ್ಕೆ ಕಾಲು ಶತಮಾನ ಮೊದಲು ಲೂಯಿಸ್ ಮತ್ತು ಕ್ಲಾರ್ಕ್ ಅಮೆರಿಕದ ಬಯಲಿನ ಬೈಸನ್ ಹಿಂಡುಗಳನ್ನು ದಾಖಲಿಸಿದ್ದರು. ಶತಮಾನ ಮುಗಿಯುವಷ್ಟರಲ್ಲಿ ಆ ಹಿಂಡುಗಳೇ ಇರಲಿಲ್ಲ.

ನಮ್ಮಲ್ಲೂ ಬರೆಯುವವರ ಕಾಲವೇ ಬೇಟೆಯವರ ಕಾಲವೂ ಆಗಿತ್ತು. ಅಹಮದನಗರದ ಸುತ್ತ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬೊಬ್ಬನೇ 1809ರಿಂದ 1829ರೊಳಗೆ 961 ಎರೆಭೂತ ಹಕ್ಕಿಗಳನ್ನು ಹೊಡೆದ ಲೆಕ್ಕವಿದೆ. ಇಂದು ಇಡೀ ದೇಶದ ಬಯಲುಗಳಲ್ಲಿ ಉಳಿದಿರುವವು ಇನ್ನೂರಕ್ಕೂ ಕಡಿಮೆ.

ಅನುವಾದದ ಕೆಲಸ ಮಾಡುವ ನನ್ನನ್ನು ಕಾಡುವುದು ಈ ಹಕ್ಕಿಯ ಹೆಸರು. ಮರಾಠಿಯಲ್ಲಿ ಅದು 'ಮಾಳಢೋಕ್', ಕನ್ನಡದಲ್ಲಿ 'ಎರೆಭೂತ'. ಒಂದು ಹೆಸರಿನಲ್ಲಿ ಮಾಳವಿದೆ, ಇನ್ನೊಂದರಲ್ಲಿ ಕಪ್ಪು ಎರೆ ಮಣ್ಣಿದೆ. 'ಮಾಳ' ಎಂಬ ಮಾತಂತೂ ಎರಡೂ ಭಾಷೆಗಳಿಗೆ ಸೇರಿದ್ದು. ಹೆಸರಿಟ್ಟ ಹಳ್ಳಿಗರಿಗೆ ಹಕ್ಕಿ ಬೇರೆ, ನೆಲ ಬೇರೆ ಆಗಿರಲಿಲ್ಲ. 'ಪಡೀಕ್' ಎಂಬ ಪದದಲ್ಲಿ ಹಕ್ಕಿಗೆ ಜಾಗವೇ ಇಲ್ಲ.

ಸಾಸವಡದ ಬಯಲಲ್ಲಿ ತೋಳ ಇನ್ನೂ ಇದೆ. ಕುರಿ ಮೇಯಿಸುವ ಧನಗರರು ಅದನ್ನು 'ಲಾಂಡಗಾ' ಎನ್ನುತ್ತಾರೆ. ಅದೇ ನೆಲಕ್ಕೆ ಈಗ ರಸ್ತೆಬದಿಯ ಬೋರ್ಡುಗಳು ಹೊಸ ಹೆಸರಿಟ್ಟಿವೆ: ಎನ್‌ಎ ಪ್ಲಾಟ್.